ಶೇಂಗಾ ಎಣ್ಣೆ ಕುಡಿದ ಹಲಗೆಗಳು

ನಮ್ಮ ಹಿತ್ತಲಿನ ಹಲಗೆ ಕಟ್ಟೆ ಕೆಟ್ಟದ್ದು ನನ್ನ ಕೈಯಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹೇಳಬೇಕಾದ ದಿನ ನಾನು ಹೇಳಲಿಲ್ಲ.

ಹಡಗಲಿ, ಕೂಡ್ಲಿಗಿ, ಕೊನೆಗೆ ಕೊಟ್ಟೂರು, ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಐದಕ್ಕೆ ಏಳುವುದು, ಆರಕ್ಕೆ ನೆಲ ತೊಳೆಯುವುದು, ಏಳಕ್ಕೆ ಹಾಸಿಗೆಯ ಚಾದರ ಮೂಲೆ ಮಡಚಿ ಬಿಗಿಯುವುದು. ನಿವೃತ್ತಿಯಾದ ಮೇಲೂ ಇದರಲ್ಲಿ ಒಂದೂ ತಪ್ಪಲಿಲ್ಲ. ಬ್ಲೀಚಿಂಗ್ ಪೌಡರಿನ ನೀರು ಕಾಣದ ನೆಲ ನನ್ನ ಲೆಕ್ಕದಲ್ಲಿ ನೆಲವೇ ಅಲ್ಲ.

ಮಂಡಿ ನೋವು ಶುರುವಾದ ಮೇಲೆ ಹಿತ್ತಲಿನ ಬಂಡೆಗಳ ಮೇಲೆ ಓಡಾಡುವುದು ಕಷ್ಟವಾಯಿತು. ನಮ್ಮ ಓಣಿಯ ಬಡಗಿ ಸಾಬರು ಅಡುಗೆಮನೆಯ ಹೊಸ್ತಿಲ ಮಟ್ಟಕ್ಕೆ ಮತ್ತಿ ಮರದ ಹಲಗೆಗಳ ಕಟ್ಟೆ ಹಾಕಿಕೊಟ್ಟರು. ಮರವನ್ನು ಅವರೇ ನೋಡಿ ತಂದಿದ್ದರು. ನೀರು ಇಳಿಯಲೆಂದು ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದರು. ಮುಗಿದ ದಿನ ಅದರ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದರು:

"ಸಿಸ್ಟರಮ್ಮಾರ, ಇದು ನಿಮ್ಮ ವಾರ್ಡ್ ಅಲ್ರಿ. ದಿನಾ ನೀರು ಹಾಕಬ್ಯಾಡ್ರಿ. ಕಸಬರಿಗಿ ಆಡಿಸಿದ್ರ ಸಾಕು. ವರ್ಷಕ್ಕೊಮ್ಮೆ ಅಗಸಿ ಎಣ್ಣಿ ತೆಳ್ಳಗ ಹಚ್ಚಿ, ಅರ್ಧಾ ತಾಸಿಗೆ ಒರಸಿಬಿಡ್ರಿ."

"ಆತ್ರಿ ಆತ್ರಿ," ಎಂದೆ. ಮರುದಿನ ಆರಕ್ಕೆ ಬಕೆಟ್ ಹಿಡಿದು ನಿಂತಿದ್ದೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿ, ಮೇಲೆಲ್ಲ ಸಣ್ಣ ಸಿಬಿರು ಎದ್ದವು. ಆಗ ಎಣ್ಣೆಯ ಮಾತು ನೆನಪಾಯಿತು. ಮನೆಯಲ್ಲಿ ಡಬ್ಬಿ ತುಂಬ ಗಾಣದ ಶೇಂಗಾ ಎಣ್ಣೆ ಇತ್ತು. ನಾವು ತಿನ್ನುವ ಎಣ್ಣೆ ಮರಕ್ಕೇನು ಕೆಡುಕು ಮಾಡೀತು ಎಂದುಕೊಂಡೆ. ವರ್ಷಕ್ಕೊಮ್ಮೆ ಎಂಬುದೂ ನನಗೆ ಸಾಲಲಿಲ್ಲ. ನಮ್ಮ ಕಡೆ ಅಮಾಸಿ ಬಂದರೆ ಗಾಡಿ, ಮಿಷನ್ನು ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ನಾನು ಆ ಪಟ್ಟಿಗೆ ಕಟ್ಟೆಯನ್ನೂ ಸೇರಿಸಿದೆ. ಪ್ರತಿ ಅಮಾಸಿಗೆ ತೊಳೆದು, ಸರಿಯಾಗಿ ಒಣಗುವ ಮೊದಲೇ ಎಣ್ಣೆ ಸುರಿದು ಬಟ್ಟೆಯಲ್ಲಿ ಎಳೆಯುತ್ತಿದ್ದೆ. ಒರೆಸುತ್ತಿರಲಿಲ್ಲ. ಮರ ಕುಡಿಯಲಿ ಎಂದು ಬಿಡುತ್ತಿದ್ದೆ.

ಕಟ್ಟೆ ಕಪ್ಪಾಯಿತು. ಕಾಲಿಟ್ಟರೆ ಅಂಟುತ್ತಿತ್ತು. ಧೂಳು ಕೂತು, ಅದರ ಮೇಲೆ ಬೂಷ್ಟು ಬಂತು.

ಅದೇ ಹೊತ್ತಿಗೆ ಎದುರು ಮನೆಯ ಮೇಷ್ಟ್ರು ತಮ್ಮ ಮಾಳಿಗೆಯ ಮೇಲೆ ಇಂಥದೇ ಕಟ್ಟೆ ಹಾಕಿಸುವ ಮನಸ್ಸು ಮಾಡಿದ್ದರು. ಆ ಕೆಲಸವನ್ನು ಸಾಬರಿಗೇ ಹೇಳಿದ್ದರು. ರೆಡಿಮೇಡ್ ಬಾಗಿಲುಗಳು ಬಂದ ಮೇಲೆ ಸಾಬರಿಗೆ ತಿರುಪು ಬಿಗಿಯುವ, ಕೀಲು ಬದಲಿಸುವ ಕೆಲಸವಷ್ಟೇ ಉಳಿದಿತ್ತು. ಗಟ್ಟಿ ಮರದ ದೊಡ್ಡ ಕೆಲಸ ಅವರಿಗೆ ಸಿಕ್ಕಿದ್ದು ಬಹಳ ದಿನಗಳ ಮೇಲೆ. ಮೇಷ್ಟ್ರು ನನ್ನ ಕಟ್ಟೆ ನೋಡಲು ಬಂದರು.

"ಇದೇನ್ರಿ ಅಕ್ಕಾರ, ಹಿಂಗಾಗೇತಿ?"

"ಮರ ಹಸಿ ಇತ್ತು ಅನ್ನಸ್ತೈತ್ರಿ. ಸಾಬ್ರು ನೋಡಿ ತರಲಿಲ್ಲ," ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ನನ್ನ ಶಿಸ್ತಿನಿಂದ ಒಂದು ವಸ್ತು ಕೆಡಬಹುದು ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ, ಅಷ್ಟೆ. ಮೇಷ್ಟ್ರು ಸಾಬರಿಗೆ ಒಪ್ಪಿಸಿದ್ದ ಕೆಲಸ ಬಿಡಿಸಿದರು. ಸಾಬರು ಮರ ತರುವ ಕಟ್ಟಿಗೆ ಅಡ್ಡೆಯಲ್ಲಿ ಕಾರಣವನ್ನೂ ಹೇಳಿದರು.

ನಾಲ್ಕು ದಿನ ಬಿಟ್ಟು ಸಾಬರು ಬಂದರು. ಚಹಾ ಬೇಡವೆಂದರು. ಮಂಡಿಯೂರಿ ಕೂತು ಉಗುರಿನಿಂದ ಹಲಗೆ ಕೆರೆದರು, ಉಗುರನ್ನು ಮೂಸಿದರು.

"ಏನು ಹಚ್ಚೀರ್ರಿ ಇದಕ್ಕ?"

"ನೀವು ಹೇಳಿದ್ದ ಎಣ್ಣಿನ," ಎಂದೆ. ಇದು ಮಾತ್ರ ಯೋಚಿಸಿಯೇ ಹೇಳಿದ ಸುಳ್ಳು.

ಅವರು ನನ್ನ ಮುಖ ನೋಡಲಿಲ್ಲ. ಚೀಲದಿಂದ ಕೆರೆಯುವ ತಗಡು ತೆಗೆದು ಒಂದು ಹಲಗೆಯ ಮೇಲಿನ ಅಂಟನ್ನು ಮರದ ಎಳೆ ಹಿಡಿದು ಕೆರೆದರು. ಅಂಟುವಾಳದ ನೀರು ಕೇಳಿದರು. ತೆಂಗಿನ ನಾರಿನ ಬ್ರಷ್ಷಿನಿಂದ ಎಳೆಯುದ್ದಕ್ಕೆ ತಿಕ್ಕಿದರು, ಅಡ್ಡ ಒಮ್ಮೆಯೂ ತಿಕ್ಕಲಿಲ್ಲ. ಕಪ್ಪಿನ ಕೆಳಗೆ ಕಂದು ಬಣ್ಣದ ಮರ ಕಾಣಿಸಿತು. ಗಟ್ಟಿ ಮರ.

"ಹಸಿ ಐತೇನ್ರಿ?" ಎಂದು ಕೇಳಿ ಎದ್ದು ಹೋದರು.

ಉಳಿದ ಹಲಗೆಗಳನ್ನು ನಾನೇ ಮಾಡಿದೆ. ದಿನಕ್ಕೆ ಎರಡು. ಕೆರೆಯುವುದು, ಎಳೆಯುದ್ದಕ್ಕೆ ತಿಕ್ಕುವುದು, ಕಡಿಮೆ ನೀರಿನಲ್ಲಿ ತೊಳೆಯುವುದು, ನಾಲ್ಕು ಬಿಸಿಲು ಒಣಗಿಸುವುದು, ಉಪ್ಪುಕಾಗದ ಉಜ್ಜಿ ಸಿಬಿರು ತೆಗೆಯುವುದು, ಆಮೇಲೆ ಅಗಸೆ ಎಣ್ಣೆ. ಕೆಲಸ ಕ್ರಮವಾಗಿ ನಡೆಯಿತು. ಒಂದೊಂದು ಹಲಗೆ ಬಣ್ಣಕ್ಕೆ ಬಂದ ಹಾಗೆಲ್ಲ ನನಗೆ ಖುಷಿಯಾಗುವ ಬದಲು ಊಟ ಕಡಿಮೆಯಾಯಿತು. ವಾರ್ಡಿನಲ್ಲಿ ತಪ್ಪು ಔಷಧಿ ಕೊಟ್ಟರೆ ಆ ಕ್ಷಣವೇ ಹೇಳಬೇಕು, ಬಚ್ಚಿಟ್ಟ ಒಂದೊಂದು ಗಂಟೆಯೂ ರೋಗಿಗೆ ಹೊರೆ ಎಂದು ಚಿಕ್ಕ ನರ್ಸ್‌ಗಳಿಗೆ ಬೈದು ಕಲಿಸಿದವಳು ನಾನು.

ಕೊನೆಯ ಹಲಗೆ ಮುಗಿದ ದಿನ ಮೇಷ್ಟ್ರ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ.

"ಟೈಲ್ಸ್ ಹಾಕ್ಸಿ ಆತಲ್ರಿ ಅಕ್ಕಾರ," ಎಂದರು ಅವರು. "ಎಂಟು ದಿನ ಮದ್ಲ ಹೇಳಬಾರದಾಗಿತ್ತೇನ್ರಿ?"

ಅಲ್ಲಿಂದ ಸಾಬರ ಶೆಡ್ಡಿಗೆ ಹೋದೆ. ಅವರು ಯಾರದೋ ಮಂಚದ ಕಾಲಿಗೆ ಬೆಣೆ ಹೊಡೆಯುತ್ತಿದ್ದರು.

"ಶೇಂಗಾ ಎಣ್ಣಿ ಹಚ್ಚಿದ್ದು ನಾನರಿ. ದಿನಾ ನೀರು ಹಾಕಿದ್ದೂ ನಾನ. ನಿಮ್ಮ ಮರ ಚಲೋನ ಇತ್ತು."

"ನನಗ ಅವತ್ತ ಗೊತ್ತಾತ್ರಿ ಸಿಸ್ಟರಮ್ಮಾರ. ಮಿರ್ಚಿ ಅಂಗಡಿ ಕಡಾಯಿ ನಾರಿದಂಗ ನಾರ್ತಿತ್ತು." ನಗಲಿಲ್ಲ. ಬೆಣೆಗೆ ಇನ್ನೆರಡು ಏಟು ಹಾಕಿದರು. "ನನಗ ಹೇಳಿ ಏನಾಗ್ಬೇಕ್ರಿ? ನಾ ಅಡ್ಡೆದಾಗ ಹೋಗಿ ನಿಂತ್ರ, ಹಸಿ ಮರದ ಸಾಬ್ರು ಬಂದ್ರು ಅಂತಾರ. ಅಲ್ಲಿ ಹೇಳ್ರಿ."

ಮರುದಿನ ಹತ್ತಕ್ಕೆ ಅಡ್ಡೆಗೆ ಹೋದೆ. ಗರಗಸದ ಮಿಷನ್ ನಿಲ್ಲುವವರೆಗೆ ಬಾಗಿಲಲ್ಲೇ ನಿಂತೆ. ಅದು ನಿಂತ ಮೇಲೆ, ಶೇಂಗಾ ಎಣ್ಣೆ ಸುರಿದು ಕಟ್ಟೆ ಕೆಡಿಸಿದ್ದು ನಾನೇ ಎಂದು ಅಲ್ಲಿದ್ದ ಆರೇಳು ಜನರ ಮುಂದೆ ಗಟ್ಟಿಯಾಗಿ ಹೇಳಿದೆ.

"ಒಗ್ಗರಣಿ ಒಂದ ಬಾಕಿ ಇತ್ತು ಬಿಡ್ರಿ ಅಕ್ಕಾರ!" ಎಂದ ಒಬ್ಬ ಹಮಾಲ. ಎಲ್ಲರೂ ನಕ್ಕರು. ನಗು ಮುಗಿಯುವವರೆಗೆ ನಿಂತಿದ್ದೆ.

ಅಡ್ಡೆಯ ಮಾಲೀಕರು ನಗಲಿಲ್ಲ. ಗೋಡೆಗೆ ಒರಗಿಸಿದ್ದ ಹಲಗೆಗಳ ಕಡೆ ಕೈ ಮಾಡಿದರು. ಒಂದೊಂದರ ಮೇಲೂ ಸೀಮೆಸುಣ್ಣದ ಗುರುತಿತ್ತು.

"ಮೇಷ್ಟ್ರ ಮಾಳಿಗಿಗಂತ ಸಾಬ್ರು ಮೂರು ದಿನ ಕುಂತು ಆರಿಸಿಟ್ಟಿದ್ರು. ಈಗ ಹರಪನಹಳ್ಳಿ ಹೋಟ್ಲಿನವ್ರಿಗೆ ಕೊಟ್ಟೀವ್ರಿ. ಬೆಂಚಿಗಂತ."

ಹಮಾಲರು ಎರಡೆರಡಾಗಿ ಹೊತ್ತು ಟೆಂಪೊಗೆ ಏರಿಸತೊಡಗಿದರು. ನಾನು ದಾರಿಗೆ ಅಡ್ಡವಾಗಿದ್ದೆ. ಬದಿಗೆ ಸರಿದು ನಿಂತೆ.