ಅರ್ಧ ಆಂಪಿಯರಿನ ಉಸಿರು

ಲ್ಯಾಪ್‌ಟಾಪಿನ ಪಕ್ಕದ ಪೋರ್ಟಿಗೆ ಏನೇನು ಸಿಕ್ಕಿಸಬಹುದೋ ಅದನ್ನೆಲ್ಲ ತರಿಸುವ ಹುಚ್ಚು ನನಗಿತ್ತು. ಅಂಗೈಯಗಲದ ಫ್ಯಾನು, ಕಣ್ಣು ಮಿಟುಕಿಸುವ ಕಪ್ಪೆ ದೀಪ, ಕಾಫಿ ಲೋಟ ಬೆಚ್ಚಗಿಡುವ ತಟ್ಟೆ. ಮೂರನ್ನೂ ಒಟ್ಟಿಗೆ ಓಡಿಸಲು ಒಂದು ಹಬ್ ಬೇರೆ. ತಟ್ಟೆಯ ಮೇಲಿಟ್ಟ ಕಾಫಿ ಮೇಜಿನ ಮೇಲಿಟ್ಟಷ್ಟೇ ಬೇಗ ಆರುತ್ತಿತ್ತು. ಒಲೆಕಟ್ಟೆ ಮೇಲಿಟ್ಟಿದ್ದರೆ ಸಾಕಿತ್ತಲ್ಲ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಆಷಾಢದಲ್ಲಿ ಗೋಣಿಬೀಡಿನಿಂದ ಈಚೆ, ನಮ್ಮ ಕಾಫಿ ತೋಟದ ಕಡೆ ಮೂರು ದಿನ ಕರೆಂಟಿರಲಿಲ್ಲ, ಟವರೂ ಸತ್ತಿತ್ತು. ಪಿಕಪ್ ತೆಗೆದುಕೊಂಡು ಮೂಡಿಗೆರೆಗೆ ಹೋದ ನನ್ನ ಗಂಡ, ರಸ್ತೆಗೆ ಮರ ಬಿದ್ದು ಆಚೆಯೇ ಉಳಿದಿದ್ದರು. ಬೆಳಿಗ್ಗೆ ಅತ್ತೆಗೆ ದಮ್ಮು ಏರಿತು. ಔಷಧಿಯನ್ನು ಹಬೆ ಮಾಡಿ ಕೊಡುವ ಪುಟ್ಟ ನೆಬುಲೈಸರ್ ಇತ್ತು, ಔಷಧಿಯೂ ಇತ್ತು. ಮನೆಯಲ್ಲಿ ಚಾರ್ಜ್ ಉಳಿದಿದ್ದದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ನೆಬುಲೈಸರಿನ ವೈರೂ ಅದೇ ಪೋರ್ಟಿಗೆ ಹೊಂದುವಂಥದ್ದು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಸಿಕ್ಕಿಸಿದೆ. ಹಸಿರು ದೀಪ ಒಮ್ಮೆ ಹತ್ತಿ ಆರಿತು. ಇದಕ್ಕೆ ಬೇಕಾದಷ್ಟು ವಿದ್ಯುತ್ತು ಈ ಪೋರ್ಟಿನಲ್ಲಿಲ್ಲ ಎಂದು ಪರದೆಯ ಮೇಲೆ ಬಂತು. ಫ್ಯಾನು ಕಿತ್ತೆ, ತಟ್ಟೆ ಕಿತ್ತೆ, ಕಪ್ಪೆಯನ್ನು ಗೋಡೆಗೆ ಬಿಸಾಡಿದೆ. ಹಬ್ ತೆಗೆದು ನೇರವಾಗಿ ಹಾಕಿದೆ. ಎಡಗಡೆ ಆಗಲಿಲ್ಲ, ಬಲಗಡೆಯೂ ಆಗಲಿಲ್ಲ. ಅದು ಕೇಳುವುದು ಎರಡು ಆಂಪಿಯರ್, ಪೋರ್ಟು ಕೊಡುವುದು ಬರೀ ಅರ್ಧ. ಇದು ಗೊತ್ತಿದ್ದೂ ಮತ್ತೆ ಮತ್ತೆ ಸಿಕ್ಕಿಸಿದೆ. ಅತ್ತೆಯ ತುಟಿ ನೀಲಿಗಟ್ಟುತ್ತಿತ್ತು. ನನ್ನ ಕೈ ಹಿಡಿದು ಏನೋ ಹೇಳಲು ಹೊರಟರು, ಮಾತಿಗೆ ಉಸಿರು ಸಾಲಲಿಲ್ಲ. ಇವರು ಹೋಗಿಬಿಡುತ್ತಾರೆ, ನನ್ನ ಕಣ್ಣೆದುರೇ ಹೋಗುತ್ತಾರೆ ಎಂದು ಹೆದರಿ ದೊಡ್ಡ ದನಿಯಲ್ಲಿ ಅಳತೊಡಗಿದೆ.

ಮಳೆ ಸ್ವಲ್ಪ ಬಿಟ್ಟು ಹೊಳವಾಗಿತ್ತೆಂದು ತೋಟದ ಮೇಸ್ತ್ರಿ ಕಾಫಿ ಗಿಡಕ್ಕೆ ಮೈಲುತುತ್ತದ ಬೋರ್ಡೋ ಮದ್ದು ಹೊಡೆಯುತ್ತಿದ್ದರು. ಅಳು ಕೇಳಿ, ಬ್ಯಾಟರಿ ಸ್ಪ್ರೇಯರ್ ಬೆನ್ನಲ್ಲಿದ್ದ ಹಾಗೇ ಓಡಿಬಂದರು. ಮದ್ದಿನ ಕ್ಯಾನು ಮನೆಯೊಳಗೆ ತರಬಾರದೆಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಅವರು ಅಂಗಳದಲ್ಲೇ ನಿಂತು ಏನಾಯಿತೆಂದು ಕೇಳಿದರು. ನೆಬುಲೈಸರಿನ ವೈರು ಎತ್ತಿ ತೋರಿಸಿದೆ.

"ಇದು ಸ್ಪ್ರೇಯರಿಗೂ ಆಗ್ತದಲ್ಲ ಅಮ್ಮ. ನಾನು ಫೋನ್ ಚಾರ್ಜ್ ಮಾಡೋದು ಇದ್ರಲ್ಲೇ."

ಅತ್ತೆಯನ್ನು ಎತ್ತಿ ಜಗಲಿಗೆ ತಂದೆವು. ಮೈಲುತುತ್ತದ ವಾಸನೆಯ ನಡುವೆ ನೆಬುಲೈಸರ್ ಗುಂಯ್‌ಗುಟ್ಟಿ ಹಬೆ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಅವರ ಎದೆಯ ಏದುಸಿರು ಇಳಿಯಿತು.

ಸ್ಪ್ರೇಯರಿನಲ್ಲಿ ಎರಡು ಆಂಪಿಯರ್ ಕೊಡುವ ಫೋನಿನ ಪೋರ್ಟಿರುವುದು ನನಗೂ ಗೊತ್ತಿತ್ತು. ಕಂಪ್ಯೂಟರಿನಿಂದ ಆಗದ್ದು ಮದ್ದಿನ ಕ್ಯಾನಿನಿಂದ ಆದೀತೆಂದು ಹೊಳೆಯಲೇ ಇಲ್ಲ, ಅಷ್ಟು ಜಂಬ ನನಗೆ. ಒಂದು ಗಂಟೆ ಅತ್ತೆ ಒದ್ದಾಡಿದ್ದು ಅದಕ್ಕೆ. ಆಮೇಲೂ ಅತ್ತೆ ನನ್ನ ಸಾರಿನಿಂದ ಹಿಡಿದು ನಡಿಗೆಯವರೆಗೆ ಎಲ್ಲವನ್ನೂ ಆಡಿಕೊಂಡರು. ಆ ಬೆಳಗಿನ ವಿಷಯ ಮಾತ್ರ ಒಂದು ದಿನವೂ ಎತ್ತಲಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.