ತಾತ ಹೇಳಿಕೊಟ್ಟ ತಪ್ಪೊಪ್ಪಿಗೆ

ಚಿಕ್ಕಪ್ಪ ಜೈಲಿನಿಂದ ಬಂದ ದಿನ ಲಿಂಗರಾಜಪುರದ ನಮ್ಮ ಮನೆಯಲ್ಲಿ ಅವರೆಕಾಳಿನ ಸಾರು ಮಾಡಿದ್ದರೆಂದು ನನ್ನ ನೆನಪು. ಅದು ಅವರೆಯ ಕಾಲವೇ ಅಲ್ಲ ಎನ್ನುತ್ತಾಳೆ ಅಮ್ಮ. ಇರಲಿ, ಸಾರನ್ನು ಆಮೇಲೆ ಸೇರಿಸಿಕೊಂಡಿರಬಹುದು. ತಾತ ಆಡಿದ ಮಾತನ್ನು ಸೇರಿಸಿಕೊಂಡಿಲ್ಲ.

ತೊಂಬತ್ತರ ದಶಕ. ಚಿಕ್ಕಪ್ಪ ವೈರಿಂಗ್ ಮಾಡಿದ್ದ ಜೀವನ್ ಬಿಮಾ ನಗರದ ಮನೆಯೊಂದರಲ್ಲಿ ಕಳವಾಯಿತು; ತಡೆಯಲು ಹೋದ ಕಾವಲುಗಾರ ಸತ್ತ. ಪೊಲೀಸರು ಚಿಕ್ಕಪ್ಪನನ್ನು ಎಳೆದೊಯ್ದು ಅಂಗಾಲಿಗೆ ಬಾರಿಸಿದರು. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡರೆ ಬಿಡುತ್ತೇವೆ ಎಂದರು. ಊಟ ಕೊಡಲು ಹೋದ ತಾತನೂ ಅದನ್ನು ನಂಬಿದ.

ತಾತ ಹಳೇ ಊರಿನ ಯಜಮಾನ. ಅರಳಿಕಟ್ಟೆಯ ಪಂಚಾಯ್ತಿಯಲ್ಲಿ, ಮಾಡಿರಲಿ ಬಿಡಲಿ, ಹಿರಿಯರ ಕಾಲಿಗೆ ಬಿದ್ದು "ತಪ್ಪಾಯ್ತು" ಎಂದರೆ ಮುಗಿಯಿತು; ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಏಳುತ್ತಿದ್ದರು. ಮ್ಯಾಜಿಸ್ಟ್ರೇಟರೂ ಅಂಥ ಹಿರಿಯರೆಂದೇ ತಾತ ತಿಳಿದ.

"ಎದುರು ಮಾತಾಡ್ಬೇಡ ಕಣೋ. ತಪ್ಪಾಯ್ತು ಅಂದ್ಬುಡು, ಸಂಜೆಗೆ ಮನೇಲಿರ್ತೀಯ."

ಚಿಕ್ಕಪ್ಪ ಅಂದುಬಿಟ್ಟ. ಯಾರಾದರೂ ಹೊಡೆದರೇ ಎಂದು ಮ್ಯಾಜಿಸ್ಟ್ರೇಟರು ಕೇಳಿದ್ದಕ್ಕೂ ಇಲ್ಲ ಎಂದ. ಆ ಹೇಳಿಕೆಯ ಮೇಲೆಯೇ ಜೀವಾವಧಿ ಶಿಕ್ಷೆಯಾಯಿತು.

ಹೈಕೋರ್ಟಿಗೆ ಮೇಲ್ಮನವಿ ಹಾಕಲು ಹೋದಾಗ ಶಿವಾಜಿನಗರದ ವಕೀಲರು ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. "ಯಜಮಾನ್ರೇ, ಅದು ಕೋರ್ಟು ರೀ! ನಿಮ್ಮ ಅರಳಿಕಟ್ಟೆ ಅಲ್ಲ."

ಅವತ್ತಿನಿಂದ ತಾತ ಎಲೆ ಅಡಿಕೆ ಮುಟ್ಟಲಿಲ್ಲ. ಕೇಳಿದರೆ ಹಲ್ಲುನೋವು ಎನ್ನುತ್ತಿದ್ದ.

ವರ್ಷಗಳಾದ ಮೇಲೆ ತೀರ್ಪು ಬಂತು. ಠಾಣೆಯಿಂದ ನೇರವಾಗಿ ಕರೆತಂದವನಿಗೆ ಯೋಚಿಸಲು ಸಮಯವನ್ನೇ ಕೊಟ್ಟಿಲ್ಲ, ಪೊಲೀಸರು ಬಾಗಿಲಲ್ಲೇ ನಿಂತಿದ್ದರು, ಆ ಹೇಳಿಕೆ ಬಿಟ್ಟರೆ ಬೇರೆ ಸಾಕ್ಷ್ಯವಿಲ್ಲ ಎಂದು ನ್ಯಾಯಮೂರ್ತಿಗಳು ಶಿಕ್ಷೆ ರದ್ದು ಮಾಡಿದರು. ಸುದ್ದಿಯನ್ನು ನಾನು ಕೋರ್ಟಿನಲ್ಲೇ ಕೇಳಿದೆನೋ, ಎದುರುಮನೆಯ ಫೋನಿನಲ್ಲೋ? ಎರಡೂ ಕಣ್ಣಿಗೆ ಕಟ್ಟಿದ ಹಾಗಿವೆ. ಒಂದಂತೂ ಸುಳ್ಳು. ಎದೆಯ ಮೇಲಿನ ಕಲ್ಲು ಸರಿದದ್ದು ಮಾತ್ರ ನಿಜ.

ಚಿಕ್ಕಪ್ಪ ಊಟಕ್ಕೆ ಕೂತ. ಜನ್ಮವಿಡೀ ಬೇರೆಯವರ ಬಾಯಿಂದಷ್ಟೇ ಆ ಮಾತು ಕೇಳಿದ್ದ ತಾತ ಮಗನ ತಟ್ಟೆಯ ಮುಂದೆ ನಿಂತು, "ತಪ್ಪಾಯ್ತು ಕಣಪ್ಪಾ" ಎಂದ.



"ಬುಡಪ್ಪ," ಎಂದ ಚಿಕ್ಕಪ್ಪ, ಮುದ್ದೆ ಮುರಿಯುತ್ತಾ. "ಅದ್ನ ಅಂದಿದ್ಕೇ ನಾನು ಒಳಗೋದೆ. ಈಗ ನೀನೂ ಹೋಗ್ಬೇಕಾ?"

ಮೊದಲು ನಕ್ಕವಳು ಅಜ್ಜಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಆಮೇಲೆ ನಾವೆಲ್ಲ. ಊಟವಾದ ಮೇಲೆ ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಚಿ ಕೊಟ್ಟ. ತಾತ ಹಲ್ಲುನೋವಿನ ಸುದ್ದಿ ಎತ್ತದೆ ಬಾಯಿಗೆ ಹಾಕಿಕೊಂಡ.