ಕೊಬ್ಬರಿ ಎಣ್ಣೆಯ ಕಂಪ್ಯೂಟರ್

ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಸಮುದ್ರ ನೋಡಿ ಕವಿತೆ ಹುಟ್ಟುವುದಿಲ್ಲ, ಸಿಟ್ಟು ಬರುತ್ತದೆ. ಎರಡು ಸಾವಿರದ ಐದರ ಆಚೀಚೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಅಂಗಡಿಯಿತ್ತು. ಬರುವ ಮಷೀನುಗಳಿಗೆಲ್ಲ ಒಂದೇ ಕಾಯಿಲೆ: ಉಪ್ಪು ಗಾಳಿ. ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ಹಸಿರು ಕಿಲುಬು, ಸ್ಕ್ರೂಗಳೆಲ್ಲ ಕೆಂಪು ಪುಡಿ. ಗಿರಾಕಿಗಳ ಮುಂದೆ ನಾನು ಸಮುದ್ರವನ್ನು ಬೈಯುತ್ತಿದ್ದೆ, ಅವರು ನನ್ನನ್ನು ಬೈಯುತ್ತಿದ್ದರು.

ಮನೆ ಅಂಕೋಲೆಯಲ್ಲಿ. ಮನೆಯಲ್ಲಿ ನಾವು ಆಯಿ ಎಂದು ಕರೆಯುವ ತಾಯಿ, ನಾನು. ಮೊದಲು ಅಕ್ಕನೂ ಇದ್ದಳು. ಅಕ್ಕ ಒಂದು ಕಚೇರಿಯಲ್ಲಿ ಟೈಪಿಸ್ಟ್. ನಾನು ಮನೆಗೆ ತಂದ ಮೊದಲ ಕಂಪ್ಯೂಟರನ್ನು ನನಗಿಂತ ಹೆಚ್ಚು ಬಳಸಿದವಳು ಅವಳು. ಒಂದು ಭಾನುವಾರ ಅಗ್ಗದ ಮೈಕೊಂದನ್ನು ಸಿಕ್ಕಿಸಿಕೊಂಡು ತನ್ನ ಧ್ವನಿ ರೆಕಾರ್ಡ್ ಮಾಡಿದಳು. ಕಂಪ್ಯೂಟರ್ ಶುರುವಾಗುವಾಗ ಬರುವ ಸಂಗೀತ ತೆಗೆದು ಆ ಜಾಗದಲ್ಲಿ ಅದನ್ನು ಹಾಕಿಸಿದಳು. ದಿನಾ ಬಸ್ಸಿಳಿದು ಮರಳು ಮೆತ್ತಿದ ಕಾಲಲ್ಲೇ ಒಳಗೆ ನುಗ್ಗುವ ನನಗೆ ಅದು ಅವಳ ಬುದ್ಧಿವಾದ.

“ಬಂದ್ಯನಾ ತಮಾ? ಕಾಲ್ ತೊಳ್ಕಂಡೇ ಒಳಗೆ ಬಾ.”

ಅಷ್ಟೇ ಮಾತು. ಕೊನೆಯಲ್ಲಿ ಅವಳು ನಗು ತಡೆಯಲಾಗದೆ ಬಿಟ್ಟ ಒಂದು ಉಸಿರು ಕೇಳುತ್ತಿತ್ತು. ಮರುವರ್ಷ ಅವಳಿಗೆ ಕಾಮಾಲೆ ಬಂತು. ಮಂಗಳೂರಿಗೆ ಕರೆದುಕೊಂಡು ಹೋದೆ. ಅವಳು ಉಳಿಯಲಿಲ್ಲ.

ಅವಳ ಫೋಟೋ ಗೋಡೆಗೆ ಹಾಕಲು ಆಯಿ ಬಿಡಲಿಲ್ಲ. ಕಂಪ್ಯೂಟರ್ ಮಾತ್ರ ಪಡಸಾಲೆಯಲ್ಲಿ ಇದ್ದಲ್ಲೇ ಇತ್ತು, ಚಾಲೂ ಮಾಡಿದಾಗೆಲ್ಲ ಅಕ್ಕ ಮಾತಾಡುತ್ತಿದ್ದಳು. ಎರಡು ಮಳೆಗಾಲಕ್ಕೆ ಎರಡು ಬೋರ್ಡು ಕಿಲುಬು ತಿಂದು ಹೋದವು. ಮೂರನೆಯದನ್ನು ಹಾಕುವಾಗ ನನಗೆ ಹಟ ಹಿಡಿಯಿತು.

ಉಪಾಯ ಕೊಟ್ಟವನು ಕದ್ರಾದಲ್ಲಿ ವಿದ್ಯುತ್ ಕೇಂದ್ರದ ಕೆಲಸದಲ್ಲಿದ್ದ ನನ್ನ ಕಾಲೇಜು ಗೆಳೆಯ. “ನಮ್ಮ ಟ್ರಾನ್ಸ್‌ಫಾರ್ಮರ್ ನೋಡು, ಎಣ್ಣೆಯೊಳಗೆ ಕೂತು ಆರಾಮ್ ಇದೆ. ಬಿಸಿಯೂ ಇಲ್ಲ, ತುಕ್ಕೂ ಇಲ್ಲ. ನಿನ್ನ ಡಬ್ಬಾನೂ ಮುಳುಗಿಸು” ಎಂದು ನಕ್ಕ. ಅವನು ತಮಾಷೆ ಮಾಡಿದ್ದು. ನಾನು ಮರುದಿನವೇ ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಕೋಲೆಗೆ ತಂದೆ.

ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಾಸನೆಗೆ ಆಯಿ ಒಪ್ಪಲಿಲ್ಲ. ನಮ್ಮದೇ ಮರದ ಕಾಯಿ, ನಮ್ಮದೇ ಕೊಬ್ಬರಿ, ಗಾಣದಲ್ಲಿ ಆಡಿಸಿದ ಎಣ್ಣೆ ಡಬ್ಬಿಗಟ್ಟಲೆ ಇತ್ತು. ಅದನ್ನೇ ಹಾಕುವುದೆಂದಾಯಿತು. ತೊಟ್ಟಿಯ ತಳಕ್ಕೆ ಬಿಳಿ ಕಲ್ಲು ಹಾಸಿ, ನೀಲಿ ದೀಪ ಜೋಡಿಸಿ, ಬೋರ್ಡನ್ನು ನೆಟ್ಟಗೆ ನಿಲ್ಲಿಸಿದೆ. ಗುಳ್ಳೆ ಬಿಡುವ ಪಂಪನ್ನೂ ಇಟ್ಟೆ. ಹಾರ್ಡ್ ಡಿಸ್ಕ್ ಒಂದನ್ನು ಮಾತ್ರ ಎಣ್ಣೆಗೆ ಸೋಕದಂತೆ ಮೇಲಿನ ಪಟ್ಟಿಗೆ ದಾರ ಕಟ್ಟಿ ತೂಗುಹಾಕಿದೆ. ಅದಕ್ಕೆ ಉಸಿರಾಡಲು ಸಣ್ಣದೊಂದು ತೂತಿರುತ್ತದೆ, ಅದರಿಂದ ಎಣ್ಣೆ ಒಳಗೆ ಹೋದರೆ ಕತೆ ಮುಗಿಯಿತು. ಎಣ್ಣೆ ಹೊಯ್ದದ್ದು ನರಕ ಚತುರ್ದಶಿಯ ಬೆಳಿಗ್ಗೆ. ನನ್ನ ತಲೆಗೆ ಎಣ್ಣೆ ಇಟ್ಟ ಆಯಿ ಅದೇ ಗರಿಕೆಯಿಂದ ತೊಟ್ಟಿಯ ಅಂಚಿಗೂ ಮೂರು ಸಲ ಮುಟ್ಟಿಸಿದಳು. “ಎಲ್ರಿಗೂ ಆಯ್ತು, ಇದ್ಕೂ ಆಗ್ಲಿ” ಎಂದಳು. ನಾನು ನಕ್ಕೆ.

ನೋಡಲು ಅದು ಚಂದವಿತ್ತು, ಸುಳ್ಳು ಹೇಳಲಾರೆ. ನೀಲಿ ಬೆಳಕು, ಎಣ್ಣೆಯಲ್ಲಿ ನಿಧಾನವಾಗಿ ಏಳುವ ಗುಳ್ಳೆ, ಸದ್ದೇ ಇಲ್ಲದೆ ತಿರುಗುವ ಫ್ಯಾನು. ಸದಾಶಿವಗಡದಿಂದಲೂ ಜನ ನೋಡಲು ಬಂದರು. “ಮೀನು ಎಲ್ಲದೆ?” ಎಂದು ಕೇಳದವರಿಲ್ಲ. ಬಂದವರಿಗೆಲ್ಲ ನಾನು ಒಂದೇ ಭಾಷಣ ಬಿಗಿಯುತ್ತಿದ್ದೆ: “ಎಣ್ಣೆಯೊಳಗೆ ಇದ್ದದ್ದಕ್ಕೆ ಉಪ್ಪು ಗಾಳಿ ಮುಟ್ಟೂದಿಲ್ಲ. ನೂರು ವರ್ಷ ಹಂಗೇ ಇರ್ತದೆ.” ಆಯಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು.

ಗುಂಡಿ ಒತ್ತಲು ಪ್ರತಿ ಸಲ ಎಣ್ಣೆಗೆ ಕೈ ಹಾಕುವುದು ಬೇಡವೆಂದು, ಕರೆಂಟು ಹೋಗಿ ಬಂದರೆ ತಾನೇ ಚಾಲೂ ಆಗುವಂತೆ ಹೊಂದಿಸಿದ್ದೆ. ಅಂಕೋಲೆಯಲ್ಲಿ ಆಗ ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತಿತ್ತು. ಹಾಗಾಗಿ ಯಾರೂ ಮುಟ್ಟದಿದ್ದರೂ, ಮಟಮಟ ಮಧ್ಯಾಹ್ನ, ಖಾಲಿ ಪಡಸಾಲೆಯಲ್ಲಿ ಅಕ್ಕ ಕರೆಯತೊಡಗಿದಳು. ಮೊದಲು ಫ್ಯಾನು ತಿರುಗುತ್ತಿತ್ತು, ಆಮೇಲೆ ನೀಲಿ ದೀಪ, ಒಂದು ನಿಮಿಷ ಬಿಟ್ಟು ಧ್ವನಿ. ಅಡುಗೆಮನೆಯಿಂದ ಆಯಿ “ಹ್ಞೂಂ, ಅವ ಇನ್ನೂ ಬರ್ಲಿಲ್ಲ” ಎಂದು ಉತ್ತರ ಕೊಡುತ್ತಿದ್ದಳು. ಮೊದಮೊದಲು ಅಭ್ಯಾಸಬಲ ಎಂದುಕೊಂಡೆ. ಒಂದು ರಜೆಯ ದಿನ ಮನೆಯಲ್ಲೇ ಇದ್ದಾಗ ಪೂರ್ತಿ ಕೇಳಿಸಿಕೊಂಡೆ. ಆಯಿ ಉತ್ತರ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಯಾವ ಬಸ್ಸು ತಡ, ಯಾರ ಮನೆಯಲ್ಲಿ ಮದುವೆ, ಬೆಳಿಗ್ಗೆ ಮೀನು ತಂದವಳು ಏನೆಂದಳು, ಎಲ್ಲ ಹೇಳುತ್ತಿದ್ದಳು. ನಡುನಡುವೆ ನಿಲ್ಲಿಸಿ, ಆ ಕಡೆಯವರು ಮಾತಾಡಲು ಬೇಕಾದಷ್ಟು ಹೊತ್ತು ಬಿಟ್ಟು, “ಅಲ್ದನಾ ಮತ್ತೆ?” ಎನ್ನುತ್ತಿದ್ದಳು. 

ಗ್ಯಾಸ್ ಸಿಲಿಂಡರ್ ತರುವವನ ಪಾಡಂತೂ ಕೇಳಬೇಡಿ. ಆಯಿ ಬಾವಿಯ ಹತ್ತಿರ ಹೋಗಿದ್ದಾಗ ಅವನು ಬಂದಿದ್ದ. ಆಗಲೇ ಕರೆಂಟು ಬಂತು. ಒಳಗಿನಿಂದ ಹೆಣ್ಣುಧ್ವನಿ ಕರೆದದ್ದು ಕೇಳಿ “ಬಂದೆ ಅಕ್ಕಾ” ಎಂದವನೇ ನಲ್ಲಿಯಲ್ಲಿ ಕಾಲು ತೊಳೆದು, ಒಳಗೆ ಬಂದು, ಅರ್ಧ ಗಂಟೆ ಕಾದಿದ್ದಾನೆ. ಆಯಿ ಹಿತ್ತಿಲಿಂದ ಬಂದದ್ದು ನೋಡಿ, “ಒಳಗಿನ ಅಕ್ಕೋರು ಬರ್ಲೇ ಇಲ್ಲ” ಎಂದ. ಆಯಿ ಸಮಾಧಾನವಾಗಿಯೇ “ಅವ್ಳು ಹೊರಗೆ ಬರೂದಿಲ್ಲ” ಎಂದಳಂತೆ. ಆಮೇಲೆ ಅವನು ಸಿಲಿಂಡರನ್ನು ಗೇಟಿನಲ್ಲೇ ಇಟ್ಟು ಹೋಗುತ್ತಿದ್ದ. ಇದನ್ನು ಅಂಗಡಿಯಲ್ಲಿ ಹೇಳಿ ನಗಿಸಬೇಕೆಂದಿದ್ದೆ. ಹೇಳಲು ಆಗಲಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಎದ್ದು ಬಂದರೆ ತೊಟ್ಟಿಯಲ್ಲಿ ಏನೂ ಕಾಣುತ್ತಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತು, ಬಚ್ಚಲಿನ ಬಾಟಲಿಯಲ್ಲಿ ಹೇಗೋ ಹಾಗೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಅಂಚಿನವರೆಗೂ ಬಿಳಿ. ಅಷ್ಟರಲ್ಲಿ ರಾತ್ರಿಯೆಲ್ಲ ಹೋಗಿದ್ದ ಕರೆಂಟು ಬಂತು. ಬಿಳಿಯ ಒಳಗೆಲ್ಲೋ ನೀಲಿ ಬೆಳಕು ಹತ್ತಿತು. ಫ್ಯಾನು ತಿರುಗಲಾಗದೆ ಗುಂಯ್‌ಗುಟ್ಟಿತು. ನಡುವೆ ಒಂದು ಕಡೆ ಎಣ್ಣೆ ಕರಗಿ ರೂಪಾಯಿಯಗಲ ತಿಳಿಯಾಯಿತು, ಆ ತಿಳಿ ಹರಡುತ್ತ ಹೋದ ಹಾಗೆ ಒಳಗಿದ್ದದ್ದು ಒಂದೊಂದಾಗಿ ಮೇಲೆ ಬಂತು. ಆಗ ಅವಳು ನನ್ನನ್ನು ಕರೆದಳು. ನಾನು ಹಿತ್ತಿಲಿಗೆ ಹೋಗಿ ನಿಂತೆ. ಹೆದರಿದ್ದೆ, ಅದನ್ನು ಬೇರೆ ಮಾತಲ್ಲಿ ಹೇಳುವುದು ಬೇಡ.

ಇನ್ನೊಂದು ವಿಷಯ ನನ್ನನ್ನು ಕಾಡಿತ್ತು. ಎಣ್ಣೆ ತಂತಿಯ ಎಳೆಗಳ ಸಂದಿಯಲ್ಲಿ ಮೇಲೇರಿ ಹೊರಗೆ ಬರುತ್ತಿತ್ತು. ಕೀಬೋರ್ಡಿನ ಗುಂಡಿಗಳು ಜಿಡ್ಡು, ಮೇಜಿನ ಮೇಲೆ ಎಣ್ಣೆಯ ಹೊಂಡ, ಒರೆಸಿದಷ್ಟೂ ಮತ್ತೆ. ಹಾಗಿದ್ದರೆ ತೊಟ್ಟಿಯಲ್ಲಿ ಎಣ್ಣೆ ಇಳಿಯಬೇಕು. ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ತಿಂಗಳಾದರೂ ಎಣ್ಣೆ ಆ ಗೆರೆಯಲ್ಲೇ ನಿಂತಿತ್ತು.

ಒಂದು ಸಂಜೆ ಬೇಗ ಬಂದೆ. ಆಯಿ ದೇವರ ಮುಂದೆ ದೀಪ ಹಚ್ಚಿ, ಎಣ್ಣೆಯ ಗಿಂಡಿ ಹಿಡಿದು ಪಡಸಾಲೆಗೆ ಬಂದಳು. ಜಿಡ್ಡಾದ ನೆಲದಲ್ಲಿ ಜಾರದಂತೆ ಅಂಕುಡೊಂಕಾಗಿ ನಡೆದು, ತೊಟ್ಟಿಯ ಮುಚ್ಚಳ ಸರಿಸಿ, ಸಣ್ಣ ಧಾರೆಯಲ್ಲಿ ಎಣ್ಣೆ ಬಿಟ್ಟಳು. ನಮ್ಮಲ್ಲಿ ಸತ್ತವರ ತಲೆಯ ಬಳಿ ದೀಪ ಇಟ್ಟರೆ ಅದು ಆರಬಾರದು, ಬಂದವರೆಲ್ಲ ಒಂದಿಷ್ಟು ಎಣ್ಣೆ ಹಾಕಿ ಹೋಗುತ್ತಾರೆ. ಆ ಲೆಕ್ಕದಲ್ಲಿ ಅದು ಹತ್ತು ಹನ್ನೊಂದು ದಿನದ ಮಾತು. ಆಯಿ ಎಷ್ಟು ತಿಂಗಳಿಂದ ಹಾಕುತ್ತಿದ್ದಳೋ.

ನನ್ನನ್ನು ನೋಡಿ ಅವಳು ಬೆಚ್ಚಲಿಲ್ಲ. “ಅವ್ಳು ಇದ್ರಾಗೆ ಎಲ್ಲಿ ಇರೂದು?” ಎಂದು ಕೇಳಿದಳು.

ತೂಗುಬಿಟ್ಟ ಹಾರ್ಡ್ ಡಿಸ್ಕನ್ನು ತೋರಿಸಿದೆ. “ಧ್ವನಿ ಇರೂದು ಅದ್ರಲ್ಲಿ.”

“ಮತ್ತೆ ಅದೊಂದೇ ಎಂತಕೆ ಹೊರಗೆ?”

“ಅದು ಹಂಗೇ ಇರೂದು ಆಯಿ” ಎಂದೆ. ಹಸಿವಾಗಿತ್ತು, ತೂತು, ಉಸಿರು ಎಂದೆಲ್ಲ ವಿವರಿಸುವ ತಾಳ್ಮೆ ಇರಲಿಲ್ಲ. ಬಂದ ಹೋದವರಿಗೆಲ್ಲ ಭಾಷಣ ಬಿಗಿದವನಿಗೆ ಸ್ವಂತ ತಾಯಿಗೆ ಎರಡು ಮಾತು ಹೇಳುವಷ್ಟು ಪುರುಸೊತ್ತಾಗಲಿಲ್ಲ.

ಜೂನ್ ಬಂತು. ಮಳೆ ಹಿಡಿದ ಎರಡನೆಯ ವಾರಕ್ಕೆ ಮನೆಯಲ್ಲಿ ಎಲ್ಲದಕ್ಕೂ ಬೂಷ್ಟು: ಚಪ್ಪಲಿಗೆ, ಬೆಲ್ಟಿಗೆ, ಬಾಗಿಲಿಗೆ. ನಾನು ಅಂಗಡಿಯಿಂದ ಬಂದಾಗ ಕರೆಂಟು ಇರಲಿಲ್ಲ. ಚಹಾ ಕುಡಿಯುತ್ತಿರುವಾಗ ಬಂತು. ಫ್ಯಾನು ತಿರುಗಿತು. ನೀಲಿ ದೀಪ ಹತ್ತಿತು. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಧ್ವನಿ ಬರಲಿಲ್ಲ. ಅದರ ಬದಲು ಎಣ್ಣೆಯ ತಳದಿಂದ ಟಕ್, ಟಕ್ ಎಂದು ಸದ್ದು, ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ಗಾಜು ಬಡಿದ ಹಾಗೆ.

ಮೇಲೆ ದಾರ ಮಾತ್ರ ಇತ್ತು. ಹಾರ್ಡ್ ಡಿಸ್ಕ್ ಬಿಳಿ ಕಲ್ಲುಗಳ ಮೇಲೆ ಮಲಗಿತ್ತು.

“ಅದ್ರ ಚೀಟಿ ಮೇಲೆ ಬೂಷ್ಟು ಬಂದಿತ್ತು ತಮಾ” ಎಂದಳು ಆಯಿ. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಕಳೆ. “ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಮೇಲೆ ತಲೆ ಎತ್ತಿದ ಮಿಡಿಗೇ ಅಲ್ದನಾ ಬೂಷ್ಟು ಹಿಡಿಯೂದು? ಒತ್ತಿ ಒಳಗೆ ಹಾಕ್ದೆ. ಇನ್ನು ನೂರು ವರ್ಷ ಎಂತಾ ಆಗೂದಿಲ್ಲ.”

ನಾನು ಏನು ಹೇಳಿದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. “ಅವ್ಳನ್ನ ನೀನೇ ಮುಳುಗ್ಸಿ ಕೊಂದಿ” ಎಂದು ಕಿರುಚಿದೆ. ಕೈಲಿದ್ದ ಚಹಾದ ಲೋಟವನ್ನು ಅಂಗಳಕ್ಕೆ ಎಸೆದೆ. ಆಯಿ ಎಣ್ಣೆಗೆ ಮೊಣಕೈವರೆಗೆ ಕೈ ಹಾಕಿ ಅದನ್ನು ಎತ್ತಿ, ತನ್ನ ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು.

ಅಕ್ಕನ ಧ್ವನಿಯ ಇನ್ನೊಂದು ಪ್ರತಿಯನ್ನು ಸೀಡಿಯಲ್ಲಿ ಇಟ್ಟಿದ್ದೆ, ಅಷ್ಟು ಬುದ್ಧಿ ನನಗಿತ್ತು. ಕಪಾಟಿನಿಂದ ತೆಗೆದು ಬೆಳಕಿಗೆ ಹಿಡಿದರೆ ಅದರ ಬೆಳ್ಳಿಯನ್ನು ಬೂಷ್ಟು ತಿಂದು ಆರು ಕಡೆ ಆಚೆಯ ಗೋಡೆ ಕಾಣುತ್ತಿತ್ತು. ಮರುದಿನವೇ ಡಿಸ್ಕನ್ನು ಹುಬ್ಬಳ್ಳಿಗೆ ಒಯ್ದೆ. ಅಲ್ಲಿ ಇಂಥದ್ದನ್ನು ಬಿಚ್ಚಿ ನೋಡುವವರೊಬ್ಬರಿದ್ದರು. ಎರಡು ವಾರ ಬೇಕೆಂದರು. ಆ ಎರಡು ವಾರ ಆಯಿ ಕರೆಂಟು ಬಂದಾಗೆಲ್ಲ ಪಡಸಾಲೆಗೆ ಬಂದು ನಿಲ್ಲುತ್ತಿದ್ದಳು. ಡಿಸ್ಕಿಲ್ಲದ ತೊಟ್ಟಿಯ ಪ್ಲಗ್ ಕಿತ್ತಿದ್ದರೂ ನಿಲ್ಲುತ್ತಿದ್ದಳು. ಒಂದು ಸಲ ಅವಳ ಪಕ್ಕದಲ್ಲಿ ನಿಂತಿದ್ದ ನನಗೂ ಬಾಗಿಲಾಚೆ ಯಾರೋ ಉಸಿರು ಬಿಟ್ಟಂತೆ ಕೇಳಿಸಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹುಬ್ಬಳ್ಳಿಯವರು ಡಿಸ್ಕನ್ನು ಪೇಪರಿನಲ್ಲಿ ಸುತ್ತಿ ವಾಪಸು ಕೊಟ್ಟರು. ಒಳಗಿನ ತಟ್ಟೆಯೆಲ್ಲ ಎಣ್ಣೆ, ಮೇಲೆ ಗೀರು ಬಿದ್ದಿದೆ, ಏನೂ ಸಿಗಲಿಲ್ಲ ಎಂದರು.

ಮನೆಗೆ ಬಂದಾಗ ಆಯಿ ಬಾಗಿಲಲ್ಲೇ ಕೂತಿದ್ದಳು. “ಎಂತಾ ಅಂದ್ರು? ಯಾವಾಗ ಬತ್ತಾಳಂತೆ?” ಎಂದಳು.

ಮಳೆ, ರಿಪೇರಿ, ಇನ್ನೊಂದು ವಾರ ಎಂದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳುವುದರಲ್ಲಿ ನಾನು ಹೊಸಬನಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಅಕ್ಕ ಹೋದ ಮಧ್ಯಾಹ್ನ ಪಕ್ಕದ ಮನೆಯ ಫೋನಿಗೆ ಕರೆ ಮಾಡಿ ಆಯಿಯನ್ನು ಕರೆಸಿದ್ದೆ. ಅವಳ ಧ್ವನಿ ಕೇಳಿದ್ದೇ ಆ ಸುದ್ದಿ ಹೇಳಲು ಬಾಯಿ ಬರಲಿಲ್ಲ. “ಅವ್ಳನ್ನ ಕರ್ಕಂಡು ಬತ್ತೆ” ಎಂದು ಫೋನ್ ಇಟ್ಟುಬಿಟ್ಟಿದ್ದೆ. ರಾತ್ರಿ ನಮ್ಮ ಗೇಟಿನ ಮುಂದೆ ವ್ಯಾನಿನ ಹಿಂದಿನ ಬಾಗಿಲು ತೆಗೆದಾಗ ಅವಳಿಗೆ ಗೊತ್ತಾದದ್ದು. ಅಕ್ಕ ಹೋದಳೆಂಬ ಮಾತನ್ನು ನಾನು ಅವಳಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

“ಬರೂದಿಲ್ಲ ಆಯಿ” ಎಂದೆ. “ಅಕ್ಕ ಸತ್ತೋದ್ಳು.”

ಆಯಿ ಅತ್ತಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತೆ. ನಾನೂ ಅತ್ತೆ.

“ನೀ ಕರ್ಕಂಡು ಬತ್ತೆ ಅಂದಿ ಅಂತ” ಎಂದಳು ಆಯಿ, ಮೂಗು ಒರೆಸಿಕೊಳ್ಳುತ್ತ, “ನಾ ಅವತ್ತು ಅವ್ಳಿಗೆ ಗಂಜಿ ಮಾಡಿ ಇಟ್ಟಿದ್ದೆ.”